ಶಿವನಸಮುದ್ರದ ತಂತಿ ಹೇಳಿದ ಪಾಠ



ಈ ಹೊತ್ತು ಬಿತ್ತನೆಯ ಮಾತಿಲ್ಲ, ಗೊಬ್ಬರದ ಮಾತಿಲ್ಲ. ದೀಪದ ಮಾತು. ಕಂಬದ ಕರೆಂಟು ಮುಟ್ಟದ ತೋಟದ ಮನೆಗೆ ಬಿಸಿಲಿನಿಂದಲೇ ಕರೆಂಟು ಮಾಡಿಕೊಳ್ಳುವಾಗ ತಂತಿಯನ್ನು ಹೇಗೆ ಎಳೆಯಬೇಕು, ಇನ್ವರ್ಟರನ್ನು ಹೇಗೆ ಆರಿಸಬೇಕು ಎಂಬುದೇ ಇವತ್ತಿನ ವಿಷಯ. ಇದನ್ನು ಹೇಳುವುದಕ್ಕೆ ನಾನು ನೂರಿಪ್ಪತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗಿದೆ. ಹಳೇ ಕಥೆ ಯಾಕಪ್ಪಾ ಅಂತ ರೇಡಿಯೋದ ಕಿವಿ ತಿರುಗಿಸಬೇಡಿ. ಆ ಹಳೇ ಕಥೆ ನನಗೆ ಸರಿಯಾಗಿ ಗೊತ್ತಿದ್ದಿದ್ದರೆ, ನಮ್ಮಪ್ಪ ಅಡಿಕೆ ಮಾರಿ ತಂದ ದುಡ್ಡಿನಲ್ಲಿ ಒಂದಿಷ್ಟು ಉಳಿಯುತ್ತಿತ್ತು.

ನಮ್ಮ ಮನೆ ಇರುವುದು ಮಲೆನಾಡಿನ ಒಂದು ಮೂಲೆಯ ಅಡಿಕೆ ತೋಟದಲ್ಲಿ. ಮನೆಯ ಮಾಡಿನ ಮೇಲೆ ಹಗಲೆಲ್ಲ ಮರದ ನೆರಳು. ಬಿಸಿಲು ಚೆನ್ನಾಗಿ ಬೀಳುವುದು ಮೂವತ್ತು ಮೀಟರು ಆಚೆಯ ಕೊಟ್ಟಿಗೆಯ ಮೇಲೆ. ಹಾಗಾಗಿ ಸೌರ ಪ್ಯಾನಲನ್ನು ಕೊಟ್ಟಿಗೆಗೆ ಏರಿಸಿದೆವು. 12 ವೋಲ್ಟಿನ ಬ್ಯಾಟರಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂತಿತು. ಇನ್ವರ್ಟರು ಮಾತ್ರ ಕಣ್ಣೆದುರಿಗೇ ಇರಲಿ ಅಂತ ಮನೆಯ ಜಗಲಿಯ ಗೋಡೆಗೆ ಬಂತು. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ.

ಬರೀ ದೀಪ ಹಾಕಿದರೆ ಉರಿಯಿತು. ಜೊತೆಗೆ ಫ್ಯಾನು ಹಾಕಿದರೆ ಇನ್ವರ್ಟರು ಕುಂಯ್ ಅಂತ ಕೂಗಲು ಶುರು. ಅಮ್ಮ ಮಿಕ್ಸಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದ ಕ್ಷಣವೇ ಮನೆಯೆಲ್ಲ ಕತ್ತಲೆ. ಜೋಡಿಸಿ ಕೊಟ್ಟವರನ್ನು ಕೇಳಿದರೆ, ಬ್ಯಾಟರಿ ಸೋತಿದೆ ಅಂದರು. ಹೊಸ ಬ್ಯಾಟರಿ ತಂದೆವು. ಅದೂ ಅದೇ ರಾಗ ಹಾಡಿತು. ಹಾಗಾದರೆ ಇನ್ವರ್ಟರು ಚಿಕ್ಕದಾಯಿತು, ದೊಡ್ಡದು ಹಾಕಿ ಅಂದರು. ಅಷ್ಟು ಹೊತ್ತಿಗೆ ಅಪ್ಪನಿಗೆ ಸಾಕಾಗಿತ್ತು. "ಬೇಡ ಮಾರಾಯ, ಚಿಮಣಿ ಬುಡ್ಡಿಯೇ ವಾಸಿ" ಅಂದುಬಿಟ್ಟರು. ಊರೂರು ತಿರುಗಿ ಜನರಿಗೆ ಬುದ್ಧಿ ಹೇಳುವವನು ನಾನು. ನನ್ನ ಮನೆಯ ದೀಪವೇ ಹೀಗೆ! ನಾನು ಕೃಷಿಯಲ್ಲಿ ಡಿಪ್ಲೊಮಾ ಮಾಡಿದವನು, ವಿದ್ಯುತ್ ಇಂಜಿನಿಯರಲ್ಲ. ಆದರೂ ಪುಸ್ತಕ ಹಿಡಿದು ಕೂತೆ. ಕೂತ ಮೇಲೆ ತಿಳಿಯಿತು, ಬ್ಯಾಟರಿಯದೂ ತಪ್ಪಿಲ್ಲ, ಇನ್ವರ್ಟರಿನದೂ ತಪ್ಪಿಲ್ಲ. ತಪ್ಪು ಇನ್ವರ್ಟರನ್ನು ಕೂರಿಸಿದ ಜಾಗದ್ದು. ಈ ತಪ್ಪನ್ನು ದೊಡ್ಡ ದೊಡ್ಡವರು ಎಂದೋ ಕಂಡು, ಎಂದೋ ತಿದ್ದಿ ಆಗಿತ್ತು.

ಮೊದಲು ಒಂದು ಮಾತು ಅರ್ಥ ಮಾಡಿಕೊಳ್ಳೋಣ. ವೋಲ್ಟು ಅಂದರೆ ಪೈಪಿನಲ್ಲಿ ನೀರಿನ ಒತ್ತಡ ಇದ್ದ ಹಾಗೆ. ಆಂಪೇರು ಅಂದರೆ ಹರಿಯುವ ನೀರಿನ ಪ್ರಮಾಣ. ಇವೆರಡನ್ನೂ ಗುಣಿಸಿದರೆ ಬರುವುದು ವ್ಯಾಟು, ಅಂದರೆ ಕೆಲಸ ಮಾಡುವ ಶಕ್ತಿ. ಒತ್ತಡ ಕಡಿಮೆಯಾದರೆ ಅಷ್ಟೇ ಕೆಲಸಕ್ಕೆ ಹೆಚ್ಚು ಹರಿವು ಬೇಕು. ಒತ್ತಡ ಹೆಚ್ಚಾದರೆ ಕಡಿಮೆ ಹರಿವು ಸಾಕು.

ತಂತಿಯಲ್ಲಿ ಕರೆಂಟು ಹರಿಯುವಾಗ ಒಂದಷ್ಟು ಪಾಲು ಬಿಸಿಯಾಗಿ ನಷ್ಟವಾಗುತ್ತದೆ. ಈ ನಷ್ಟದ ಲೆಕ್ಕವನ್ನು 1840ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಜೌಲ್ ಎಂಬಾತ ಕಂಡುಹಿಡಿದ. ಆತ ಬಿಯರು ತಯಾರಿಸುವವರ ಮನೆಯ ಮಗ. ಆತ ಕಂಡದ್ದೇನೆಂದರೆ, ಅದೇ ತಂತಿಯಲ್ಲಿ ಹರಿವು ಎರಡು ಪಟ್ಟಾದರೆ ನಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟಾದರೆ ನಷ್ಟ ಒಂಬತ್ತು ಪಟ್ಟು. ಈ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

1882ನೇ ಇಸವಿ ಸೆಪ್ಟೆಂಬರ್ 4ರಂದು ಅಮೆರಿಕದ ನ್ಯೂಯಾರ್ಕ್ ನಗರದ ಪರ್ಲ್ ಬೀದಿಯಲ್ಲಿ ಥಾಮಸ್ ಎಡಿಸನ್ ತನ್ನ ವಿದ್ಯುದಾಗಾರವನ್ನು ಚಾಲೂ ಮಾಡಿದ. ಮೊದಲಿಗೆ ಹತ್ತಿದ್ದು ಸುಮಾರು 400 ದೀಪ. ಅಲ್ಲಿ ಹರಿದದ್ದು 110 ವೋಲ್ಟಿನ ನೇರ ಕರೆಂಟು, ಅಂದರೆ ಡಿ.ಸಿ. ನಮ್ಮ ಬ್ಯಾಟರಿಯಲ್ಲಿ, ಸೌರ ಪ್ಯಾನಲಿನಲ್ಲಿ ಇರುವುದೂ ಅದೇ ಜಾತಿಯದು. ಒಂದೇ ದಿಕ್ಕಿಗೆ ಹರಿಯುತ್ತದೆ. ಹತ್ತಿರದ ಮನೆಗಳಲ್ಲಿ ದೀಪ ಝಗ್ಗನೆ ಬೆಳಗಿತು. ಆದರೆ ಒಂದು ಮೈಲಿಯ ಆಸುಪಾಸು ದಾಟಿದರೆ ಆ ಕರೆಂಟು ಮುಟ್ಟುತ್ತಿರಲಿಲ್ಲ. ಕಾಲುವೆಯ ತಲೆಯಲ್ಲಿರುವ ಗದ್ದೆಗೆ ನೀರು ತುಂಬಿ, ತುದಿಯ ಗದ್ದೆಯವನು ಬಾಯಿ ಬಿಡುವ ಪಾಡು ನಮಗೆ ಹೊಸದಲ್ಲವಲ್ಲ. ತಂತಿಗೂ ತುದಿಯ ರೈತನ ಕಷ್ಟ ಉಂಟು. ತಾಮ್ರವನ್ನು ದಪ್ಪ ಮಾಡುತ್ತ ಹೋದರೆ ಕಷ್ಟ ಕಡಿಮೆಯಾಗುತ್ತದೆ, ಆದರೆ ತಾಮ್ರದ ಬೆಲೆಗೆ ಮನೆ ಮಾರಬೇಕಾಗುತ್ತದೆ.

ದಾರಿ ಸಿಕ್ಕಿದ್ದು ಇನ್ನೊಂದು ಜಾತಿಯ ಕರೆಂಟಿನಲ್ಲಿ. ಅದಕ್ಕೆ ಪರ್ಯಾಯ ಕರೆಂಟು, ಎ.ಸಿ. ಅನ್ನುತ್ತಾರೆ. ಅದು ಉಯ್ಯಾಲೆಯ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ನಮ್ಮ ದೇಶದಲ್ಲಿ ಒಂದು ಸೆಕೆಂಡಿಗೆ 50 ಸಲ. ಹೀಗೆ ತೂಗುವ ಕರೆಂಟಿನ ಒತ್ತಡವನ್ನು ಟ್ರಾನ್ಸ್‌ಫಾರ್ಮರು ಎಂಬ ಸುರುಳಿ ಪೆಟ್ಟಿಗೆಯಿಂದ ಸುಲಭವಾಗಿ ಏರಿಸಬಹುದು, ಇಳಿಸಬಹುದು. 1886ರಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಇದನ್ನು ಮಾಡಿ ತೋರಿಸಿದ. ಹುಟ್ಟುವಲ್ಲಿ ವೋಲ್ಟು ಏರಿಸು, ದೂರ ಸಾಗಿಸು, ಮನೆಯ ಹತ್ತಿರ ಇಳಿಸು. ದಾರಿಯಲ್ಲಿ ಹರಿವು ಕಡಿಮೆ, ನಷ್ಟವೂ ಕಡಿಮೆ.

ಈ ಪಾಠವನ್ನು ನಮ್ಮ ನಾಡು ಬಹಳ ಬೇಗ ಕಲಿಯಿತು. ಕೋಲಾರದ ಚಿನ್ನದ ಗಣಿಗೆ ಶಕ್ತಿ ಬೇಕಾಗಿತ್ತು. ಶಕ್ತಿ ಇದ್ದದ್ದು ಎಲ್ಲೋ ದೂರದ ಶಿವನಸಮುದ್ರದಲ್ಲಿ, ಕಾವೇರಿ ಧುಮುಕುವ ಜಾಗದಲ್ಲಿ. ನಡುವೆ ಸುಮಾರು 92 ಮೈಲಿ, ಅಂದರೆ ಹತ್ತಿರ ಹತ್ತಿರ 148 ಕಿಲೋಮೀಟರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಜೋಲಿ ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರರ ಯೋಜನೆಯಂತೆ ಕೆಲಸ ಶುರುವಾಯಿತು. ಶೇಷಾದ್ರಿ ಅಯ್ಯರ್ ಅದರ ಫಲ ನೋಡಲಿಲ್ಲ, 1901ರಲ್ಲಿ ತೀರಿಕೊಂಡರು. 1902ರ ಜೂನ್ ಕೊನೆಯಲ್ಲಿ ಹತ್ತಾರು ಸಾವಿರ ವೋಲ್ಟಿನ ಒತ್ತಡದಲ್ಲಿ ಕರೆಂಟು ಗಣಿಯನ್ನು ಮುಟ್ಟಿತು. ಅಷ್ಟು ದೂರ ಕರೆಂಟು ಸಾಗಿಸಿದ ತಂತಿ ಆಗ ಲೋಕದಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಅಲ್ಲಿಂದಲೇ ದೀಪ ಬಂತು. ಆದರೆ ತಂತಿ ಯಾವ ಹೊಲಗದ್ದೆಗಳ ಮೇಲೆ ಹಾದುಹೋಯಿತೋ ಆ ಹಳ್ಳಿಗಳಲ್ಲಿ ಅಂದು ಎಣ್ಣೆಯ ಬುಡ್ಡಿಯೇ ಗತಿ. ಹಳ್ಳಿಯ ಕಡೆಗೆ ಕಂಬಗಳು ನಡೆದು ಬರುವುದಕ್ಕೆ ಬಹಳ ವರ್ಷ ಹಿಡಿಯಿತು. ಕಾಡಂಚಿನ ಒಂಟಿ ಮನೆ, ಹೊಲದ ನಡುವಿನ ಮನೆಗಳಲ್ಲಿ ಕೆಲವಕ್ಕೆ ಇಂದಿಗೂ ಬಂದಿಲ್ಲ.

ಈಗ ನಮ್ಮ ಕೊಟ್ಟಿಗೆಗೆ ಹಿಂದಿರುಗೋಣ. ಲೆಕ್ಕ ಹಾಕಿ ನೋಡಿ. 120 ವ್ಯಾಟಿನ ಕೆಲಸಕ್ಕೆ 12 ವೋಲ್ಟಿನಲ್ಲಿ 10 ಆಂಪೇರು ಬೇಕು. 30 ಮೀಟರು ಹೋಗಿ 30 ಮೀಟರು ಬರುವ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 10 ಆಂಪೇರು ಹರಿದರೆ 4 ವೋಲ್ಟಿಗೂ ಮೇಲೆ ದಾರಿಯಲ್ಲೇ ಖರ್ಚು. ಹನ್ನೆರಡರಲ್ಲಿ ಉಳಿಯುವುದು ಎಂಟೂ ಇಲ್ಲ. ಶಕ್ತಿಯಲ್ಲಿ ಹೇಳಿದರೆ 42 ವ್ಯಾಟು ನಷ್ಟ. ಸುಮಾರು ಹತ್ತೂವರೆ ವೋಲ್ಟಿಗೆ ಇಳಿದರೆ ಬ್ಯಾಟರಿ ಬರಿದಾಯಿತೆಂದು ತಿಳಿದು ಇನ್ವರ್ಟರು ತಾನಾಗಿ ನಿಲ್ಲುತ್ತದೆ. ಪಾಪ, ಬ್ಯಾಟರಿ ಕೊಟ್ಟಿಗೆಯಲ್ಲಿ ತುಂಬಿಯೇ ಇತ್ತು! ತುದಿಯ ಗದ್ದೆಗೆ ನೀರು ಬಾರದ್ದಕ್ಕೆ ಕೆರೆ ಬತ್ತಿದೆ ಅಂದ ಹಾಗಾಯಿತು ನಮ್ಮ ಕಥೆ.

ಅದೇ 120 ವ್ಯಾಟನ್ನು ಅದೇ ತಂತಿಯಲ್ಲಿ 24 ವೋಲ್ಟಿನಲ್ಲಿ ಕಳಿಸಿದರೆ ನಷ್ಟ ಹತ್ತೂವರೆ ವ್ಯಾಟು. 48 ವೋಲ್ಟಿನಲ್ಲಿ ಎರಡೂವರೆ ವ್ಯಾಟಿನ ಸುಮಾರು. 230 ವೋಲ್ಟಿನಲ್ಲಿ ಕಳಿಸಿದರೆ ಒಂದು ವ್ಯಾಟಿನ ಹತ್ತನೇ ಒಂದು ಪಾಲು ಮಾತ್ರ. ಶಿವನಸಮುದ್ರದ ಪಾಠ ಇದೇ ತಾನೆ?

ಹಾಗಾಗಿ ನಾವು ಮಾಡಿದ್ದು ಇಷ್ಟೇ. ಇನ್ವರ್ಟರನ್ನು ಜಗಲಿಯಿಂದ ಬಿಚ್ಚಿ ಬ್ಯಾಟರಿಯ ಮಗ್ಗುಲಿಗೆ ಕೊಂಡೊಯ್ದೆವು. ಅವೆರಡರ ನಡುವೆ ಒಂದೇ ಮೀಟರು ಉದ್ದದ, ಹೆಬ್ಬೆರಳಿನಷ್ಟು ದಪ್ಪನೆಯ ಕೇಬಲು. ಮನೆಗೆ ಬರುವ ಮೂವತ್ತು ಮೀಟರಿನಲ್ಲಿ ಈಗ 230 ವೋಲ್ಟು. ಆ ತಂತಿ ಮನೆಯ ವೈರಿಂಗಿಗೆಂದೇ ತಯಾರಾದದ್ದು, ಆದ್ದರಿಂದ ಅಷ್ಟು ವೋಲ್ಟನ್ನು ತಡೆಯುತ್ತದೆ. ಅದನ್ನು ಪೈಪಿನೊಳಗೆ ಹಾಯಿಸಿ, ಜೊತೆಗೆ ಅರ್ತ್ ತಂತಿಯನ್ನೂ ಎಳೆಸಿದೆವು. ಪರವಾನಗಿ ಇರುವ ಎಲೆಕ್ಟ್ರಿಶಿಯನ್ ಕೈಯಲ್ಲೇ ಈ ಕೆಲಸ ಆಗತಕ್ಕದ್ದು. ಆ ಸಂಜೆ ಅಮ್ಮ ಮಿಕ್ಸಿ ತಿರುಗಿಸಿದರು. ದೀಪ ಕಣ್ಣು ಮಿಟುಕಿಸಲಿಲ್ಲ. ಅಪ್ಪ ಏನೂ ಮಾತಾಡಲಿಲ್ಲ. ಬುಡ್ಡಿಯನ್ನು ಎತ್ತಿ ಅಟ್ಟದ ಮೇಲಿಟ್ಟರು.

ಇನ್ನು ಬಿಸಿಲಿನ ಕರೆಂಟಿನ ಕಥೆ. ಬೆಳಕಿನಿಂದ ಕರೆಂಟು ಹುಟ್ಟುವುದನ್ನು 1839ರಲ್ಲೇ ಫ್ರಾನ್ಸಿನ ಬೆಕೆರೆಲ್ ಎಂಬ ಯುವಕ ಕಂಡಿದ್ದ. ಕೆಲಸಕ್ಕೆ ಬರುವ ಸಿಲಿಕಾನ್ ಸೌರಕೋಶವನ್ನು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಲೋಕದ ಮುಂದಿಟ್ಟರು. ಅದು ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲನ್ನು ಮಾತ್ರ ಕರೆಂಟಾಗಿ ಮಾಡುತ್ತಿತ್ತು. ಇಂದಿನ ಒಳ್ಳೆಯ ಪ್ಯಾನಲು ಇಪ್ಪತ್ತು ಪಾಲಿಗೂ ಹೆಚ್ಚು ಮಾಡುತ್ತದೆ. ಅದರ ಮೊದಲ ಪರೀಕ್ಷೆ ನಡೆದದ್ದು ಎಲ್ಲಿ ಅಂತೀರಿ? ಹಳ್ಳಿಗಾಡಿನಲ್ಲಿ! 1955ರ ಅಕ್ಟೋಬರಿನಲ್ಲಿ ಜಾರ್ಜಿಯಾ ಪ್ರಾಂತದ ಅಮೆರಿಕಸ್ ಎಂಬ ಊರಿನ ಬಳಿ, ಹಳ್ಳಿಯ ದೂರವಾಣಿ ತಂತಿಗೆ ಶಕ್ತಿ ಕೊಡಲು ಕಂಬದ ಮೇಲೆ ಪ್ಯಾನಲು ಕೂರಿಸಿದರು. ಹಗಲಿನ ಹೆಚ್ಚಳ ಬ್ಯಾಟರಿಗೆ, ರಾತ್ರಿಗೆ ಬ್ಯಾಟರಿಯಿಂದ. ಇಂದು ನಾವು ತೋಟದ ಮನೆಯಲ್ಲಿ ಮಾಡುವುದೂ ಅದನ್ನೇ. ನಮ್ಮ ದೇಶದಲ್ಲಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಎಂಬ ಸರ್ಕಾರಿ ಸಂಸ್ಥೆ 1977ರಲ್ಲಿ ಸೌರಕೋಶವನ್ನೂ 1978ರಲ್ಲಿ ಪ್ಯಾನಲನ್ನೂ ತಯಾರಿಸಿತು. ಕರ್ನಾಟಕದಲ್ಲಿ 1995ರಲ್ಲಿ ಹರೀಶ್ ಹಂದೆಯವರು ಜೊತೆಗಾರರೊಡನೆ ಸೆಲ್ಕೋ ಸಂಸ್ಥೆ ಕಟ್ಟಿ ಬಡವರ ಮನೆಗೂ ಸೌರ ದೀಪ ಮುಟ್ಟಿಸುವ ಕೆಲಸಕ್ಕೆ ತೊಡಗಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾದರೆ ಇನ್ವರ್ಟರು ಎಲ್ಲಿಂದ ಬಂತು? ಡಿ.ಸಿ.ಯನ್ನು ಎ.ಸಿ. ಮಾಡುವುದೇ ಅದರ ಕೆಲಸ. ಹಿಂದಿನ ಕಾಲದಲ್ಲಿ ಡಿ.ಸಿ. ಮೋಟಾರಿನಿಂದ ಎ.ಸಿ. ಜನರೇಟರನ್ನು ತಿರುಗಿಸಿ ಈ ಕೆಲಸ ಮಾಡುತ್ತಿದ್ದರು. ಆಮೇಲೆ ಹಳೆಯ ವಾಲ್ವ್ ರೇಡಿಯೋಗಳ ಕಾಲದಲ್ಲಿ ವೈಬ್ರೇಟರು ಎಂಬ ಪುಟ್ಟ ನಾಲಗೆ ಬಂತು. ಅದು ಗುಂಯ್‌ಗುಡುತ್ತ ಬ್ಯಾಟರಿಯ ಕರೆಂಟನ್ನು ಕಡಿದು ಕಡಿದು ಕೊಡುತ್ತಿತ್ತು. ಟ್ರಾನ್ಸ್‌ಫಾರ್ಮರು ಅದನ್ನು ಏರಿಸುತ್ತಿತ್ತು. 1957ರಲ್ಲಿ ಥೈರಿಸ್ಟರು ಬಂದ ಮೇಲೆ ನಾಲಗೆಯ ಕೆಲಸವನ್ನು ಸಿಲಿಕಾನ್ ಚೂರು ಮಾಡತೊಡಗಿತು. 1980ರ ಆಸುಪಾಸಿನಲ್ಲಿ ಐ.ಜಿ.ಬಿ.ಟಿ. ಎಂಬ ಇನ್ನೂ ಚುರುಕಿನ ಸ್ವಿಚ್ಚನ್ನು ಬಳಕೆಗೆ ತಂದವರು ಜಯಂತ ಬಾಳಿಗಾ. ಅವರು ಬೆಳೆದದ್ದು ಬೆಂಗಳೂರಿನ ಹತ್ತಿರದ ಜಾಲಹಳ್ಳಿಯಲ್ಲಿ. ಸೌರ ಪಂಪಿನ ನಿಯಂತ್ರಕದಲ್ಲಿ, ದೊಡ್ಡ ಇನ್ವರ್ಟರುಗಳಲ್ಲಿ ಇಂದು ಕೆಲಸ ಮಾಡುವುದು ಆ ಸ್ವಿಚ್ಚೇ. 2024ರಲ್ಲಿ ಫಿನ್ಲೆಂಡ್ ದೇಶದ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು.

ಈ ಚರಿತ್ರೆಯಿಂದ ನಮಗೆ ಬೇಕಾದ ತಿಳಿವು ಏನು? ಒರಟಾಗಿ ಕಡಿದು ಕೊಡುವ ಕರೆಂಟಿನ ಅಲೆ ಚೌಕಾಕಾರ. ಅಂಥ ಅಗ್ಗದ ಇನ್ವರ್ಟರಿನಲ್ಲಿ ದೀಪ ಉರಿಯುತ್ತದೆ ನಿಜ, ಆದರೆ ಫ್ಯಾನು ಗುಂಯ್ ಅನ್ನುತ್ತದೆ, ಮೋಟಾರು ಕಾಯುತ್ತದೆ. ಕಂಬದ ಕರೆಂಟಿನ ಹಾಗೆ ನಯವಾದ ಅಲೆ ಕೊಡುವುದಕ್ಕೆ ಪ್ಯೂರ್ ಸೈನ್ ವೇವ್ ಇನ್ವರ್ಟರು ಅನ್ನುತ್ತಾರೆ. ಮನೆಯಲ್ಲಿ ಮಿಕ್ಸಿ, ಫ್ರಿಜ್ಜು, ಮೋಟಾರು ಇದ್ದರೆ ಇದನ್ನೇ ಕೊಳ್ಳಿ.

ಗಾತ್ರ ಎಷ್ಟು? ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕೂತು ಪಟ್ಟಿ ಮಾಡಿ. 9 ವ್ಯಾಟಿನ ಐದು ದೀಪ, ದಿನಕ್ಕೆ 4 ತಾಸು: 180. ಹೊಸ ಬಗೆಯ 28 ವ್ಯಾಟಿನ ಫ್ಯಾನು, 6 ತಾಸು: 168. 60 ವ್ಯಾಟಿನ ಟಿ.ವಿ., 3 ತಾಸು: 180. 500 ವ್ಯಾಟಿನ ಮಿಕ್ಸಿ, ಕಾಲು ತಾಸು: 125. ಫೋನುಗಳಿಗೆ 20. ಒಟ್ಟು 673 ವ್ಯಾಟ್-ತಾಸು. ಬ್ಯಾಟರಿ, ಇನ್ವರ್ಟರು, ತಂತಿ ಇವೆಲ್ಲ ತಮ್ಮ ತಮ್ಮ ಸುಂಕ ಕಟ್ಟಿಸಿಕೊಳ್ಳುತ್ತವೆ. ಅದಕ್ಕೆ 900 ಅಂತ ಹಿಡಿಯಿರಿ. 12 ವೋಲ್ಟು 150 ಆಂಪೇರ್-ತಾಸಿನ ಎರಡು ಬ್ಯಾಟರಿಯನ್ನು ಒಂದರ ಹಿಂದೊಂದು ಜೋಡಿಸಿದರೆ 24 ವೋಲ್ಟು, 3600 ವ್ಯಾಟ್-ತಾಸು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಅರ್ಧ ಅಂದರೆ 1800. ಎರಡು ದಿನ ಮೋಡ ಮುಸುಕಿದರೂ ಸಾಗುತ್ತದೆ. 330 ವ್ಯಾಟಿನ ಒಂದು ಪ್ಯಾನಲು ಒಳ್ಳೆಯ ಬಿಸಿಲಿನ ದಿನ 1100ರ ಸುಮಾರಿಗೆ ಕೊಟ್ಟೀತು. ಮಲೆನಾಡಿನ ಮಳೆಗಾಲದಲ್ಲಿ ಅದರ ಅರ್ಧವೂ ಸಿಗದ ದಿನಗಳುಂಟು. ಅಲ್ಲಿಯವರು ಎರಡು ಪ್ಯಾನಲು ಹಾಕುವುದು ಲೇಸು.

ಇನ್ವರ್ಟರಿಗೆ ಬೇರೆ ಲೆಕ್ಕ. ಒಂದೇ ಸಲ ಏನೇನು ನಡೆಯುತ್ತದೆ ಅನ್ನುವುದನ್ನು ಕೂಡಿಸಿ. ನಮ್ಮ ಪಟ್ಟಿಯಲ್ಲಿ ಎಲ್ಲವೂ ಒಟ್ಟಿಗೆ ನಡೆದರೆ 633 ವ್ಯಾಟು. 1000 ವಿ.ಎ. ಇನ್ವರ್ಟರು ಅಂದರೆ ಸಾಮಾನ್ಯವಾಗಿ 800 ವ್ಯಾಟಿನ ಸುಮಾರು, ಅದು ಸಾಕು. ಆದರೆ ಫ್ರಿಜ್ಜು, ಅರ್ಧ ಹೆಚ್.ಪಿ. ಪಂಪು ಇದ್ದರೆ ಹುಷಾರು. ನೊಗ ಕಟ್ಟಿದ ಎತ್ತು ಮೊದಲ ಹೆಜ್ಜೆಗೆ ಎಷ್ಟು ತಿಣುಕುತ್ತದೆ ನೋಡಿದ್ದೀರಲ್ಲ, ಮೋಟಾರೂ ಹಾಗೆಯೇ. ಶುರುವಾಗುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಏಟನ್ನು ತಡೆಯುವ ಶಕ್ತಿ ಇನ್ವರ್ಟರಿಗೆ ಇದೆಯೇ ಅಂತ ಕೇಳಿಯೇ ಕೊಳ್ಳಿ. ಹಾಗಂತ ಬೇಕಿಲ್ಲದ ದೊಡ್ಡದನ್ನೂ ತರಬೇಡಿ. ದೊಡ್ಡ ಇನ್ವರ್ಟರು ಸುಮ್ಮನೆ ಕೂತೇ 20 ವ್ಯಾಟು ತಿಂದರೆ ದಿನಕ್ಕೆ 480 ಆಯಿತು. ಅದು ನಮ್ಮ ದೀಪ, ಫ್ಯಾನು ಎರಡೂ ಸೇರಿ ತಿನ್ನುವುದಕ್ಕಿಂತ ಹೆಚ್ಚು. ದುಡಿಯದ ಎತ್ತಿಗೆ ಹಿಂಡಿ ಹಾಕಿದ ಹಾಗೆ.

ಇನ್ನೊಂದು ಮೋಸ ಹೋಗುವ ಜಾಗ ಇದೆ. ಕಂಬದ ಕರೆಂಟಿಗೆ ಜೋಡಿಸುವ ಇನ್ವರ್ಟರೇ ಬೇರೆ, ಬ್ಯಾಟರಿಯ ಇನ್ವರ್ಟರೇ ಬೇರೆ. ಮೊದಲನೆಯದು ಕಂಬದಲ್ಲಿ ಕರೆಂಟು ಇಲ್ಲದಿದ್ದರೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ ಸಾಯಬಾರದು ಅಂತ ಮಾಡಿದ ಏರ್ಪಾಡು ಅದು. ಕಂಬವೇ ಇಲ್ಲದ ಮನೆಗೆ ಅದನ್ನೊಂದನ್ನೇ ತಂದರೆ ಪ್ಯಾನಲಿಗೆ ಬಿಸಿಲು ಬಿದ್ದರೂ ಮನೆಗೆ ಬೆಳಕಿಲ್ಲ.

ಕೊನೆಯದಾಗಿ ಜೀವದ ಮಾತು. ಎ.ಸಿ. ಕರೆಂಟು ಉಯ್ಯಾಲೆಯಾಡುತ್ತ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಹಾಗಾಗಿ ಸ್ವಿಚ್ಚು ಆರಿಸಿದಾಗ ಕಿಡಿ ತಾನಾಗಿ ನಂದುತ್ತದೆ. ಡಿ.ಸಿ.ಗೆ ಆ ಸೊನ್ನೆಯೇ ಇಲ್ಲ. ಕಿಡಿ ಹಿಡಿದರೆ ಬಿಡದೆ ಉರಿಯುತ್ತದೆ. ಆದ್ದರಿಂದ ಪ್ಯಾನಲಿನ ಕಡೆಗೆ, ಬ್ಯಾಟರಿಯ ಕಡೆಗೆ ಡಿ.ಸಿ.ಗೆಂದೇ ಮಾಡಿದ ಬ್ರೇಕರು, ಫ್ಯೂಸುಗಳನ್ನೇ ಹಾಕಿಸಿ. ಬ್ಯಾಟರಿಯ ಮೂತಿಯ ಹತ್ತಿರವೇ ಒಂದು ಫ್ಯೂಸು ಇರತಕ್ಕದ್ದು. ಬ್ಯಾಟರಿಯ ಎರಡು ಮೂತಿಗಳ ಮೇಲೆ ಸ್ಪ್ಯಾನರು ಬಿದ್ದರೆ ಕಬ್ಬಿಣ ಕಾಯುವಷ್ಟು ಕರೆಂಟು ಹರಿಯುತ್ತದೆ. ಬ್ಯಾಟರಿ ಕೋಣೆಗೆ ಗಾಳಿಯಾಡಲಿ, ಅಲ್ಲಿ ಬೀಡಿ ಹಚ್ಚಬೇಡಿ, ಹುಲ್ಲು ಒಟ್ಟಬೇಡಿ. ಪ್ಯಾನಲುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ವೋಲ್ಟು ಏರುತ್ತದೆ, ನಷ್ಟ ಇಳಿಯುತ್ತದೆ, ನಿಜ. ಆದರೆ ಹಾಗೆ ಮೂರು ನಾಲ್ಕು ಸೇರಿದರೆ ನೂರು ವೋಲ್ಟು ದಾಟುತ್ತದೆ. ಬಿಸಿಲಿರುವಾಗ ಬರಿಗೈ ಹಾಕಬಾರದು. ಸರಣಿಯ ಒಂದು ಪ್ಯಾನಲಿನ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ದುಡಿಮೆ ಕುಂದುತ್ತದೆ ಎಂಬುದೂ ನೆನಪಿರಲಿ.

ಬಾಂಧವರೇ, ಹೇಳಿದ್ದರ ಸಾರ ಇಷ್ಟು. ಬ್ಯಾಟರಿ, ಇನ್ವರ್ಟರುಗಳನ್ನು ಗಂಡಹೆಂಡಿರ ಹಾಗೆ ಒಟ್ಟಿಗೇ ಇಡಿ. ಕಡಿಮೆ ವೋಲ್ಟಿನ ತಂತಿ ಗಿಡ್ಡವಾಗಿರಲಿ, ದಪ್ಪವಾಗಿರಲಿ. ದೂರ ಹೋಗುವುದು ಹೆಚ್ಚು ವೋಲ್ಟಿನ ಕರೆಂಟೇ ಆಗಿರಲಿ. ಮೊದಲು ಪಟ್ಟಿ, ಆಮೇಲೆ ಅಂಗಡಿ. ದೀಪ ಮಂಕಾದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಬ್ಯಾಟರಿಯ ಬಳಿ ಎಷ್ಟು ವೋಲ್ಟಿದೆ, ತಂತಿಯ ತುದಿಯಲ್ಲಿ ಎಷ್ಟಿದೆ ಅಂತ ಎರಡೂ ಕಡೆ ಅಳೆಸಿ ನೋಡಿ. ನಾವು ಹಾಗೆ ಮಾಡಿದ್ದಿದ್ದರೆ ಒಂದು ಬ್ಯಾಟರಿಯ ಹಣ ಉಳಿಯುತ್ತಿತ್ತು. ನಿಮ್ಮದಾದರೂ ಉಳಿಯಲಿ.